‘ರಿಂಗಣ’ವೆಂಬ ಮಾತು

ಈಚೆಗೆ ನಮ್ಮ ಮಿತ್ರರೊಬ್ಬರು ತಾವು ಬರೆದ ಸಣ್ಣಕತೆಯೊಂದನ್ನು ಅಚ್ಚಿಗೆ ಕಳುಹಿಸುವ ಮೊದಲು ಒಮ್ಮೆ ನೋಡಿಕೊಡಬೇಕೆಂದು ನಮ್ಮ ಕೈಗೆ ಕೊಟ್ಟರು. ಕತೆ ಚೆನ್ನಾಗಿತ್ತು. ಹಳ್ಳಿಯಲ್ಲಿ ಹಾಸಿಗೆ ಹಿಡಿದಿರುವ ತಂದೆ. ಪಟ್ಟಣದಲ್ಲಿ ನಿದ್ದೆ ಬಾರದೆ ಹೊರಳುವ ಮಗ. ನಡುವೆ ಒಂದು ದೀರ್ಘವಾದ ರಾತ್ರಿ. ಆ ರಾತ್ರಿಯ ಎರಡನೆಯ ಜಾವದಲ್ಲಿ “ದೂರವಾಣಿ ರಿಂಗಣಿಸಿತು” ಎಂದು ಮಿತ್ರರು ಬರೆದಿದ್ದರು. ನಾವು ಆ ಕ್ರಿಯಾಪದದ ಮೇಲೆ ಕೆಂಪು ಗೆರೆಯನ್ನೆಳೆದು, ಅಂಚಿನಲ್ಲಿ “ಮೊಳಗಿತು” ಎಂದು ತಿದ್ದಿ, ಸ್ವಲ್ಪ ಹೆಮ್ಮೆಯಿಂದಲೇ ಹಿಂದಕ್ಕೆ ಕೊಟ್ಟೆವು.

ಮಿತ್ರರು ಅದನ್ನು ನೋಡಿ ನಕ್ಕರು. “ಮೊಳಗುವುದು ನಗಾರಿ, ಶಂಖ, ಗುಡುಗು. ಈ ಮನೆಯಲ್ಲಿ ಉತ್ಸವ ನಡೆಯುತ್ತಿಲ್ಲ ಸ್ವಾಮಿ, ಸಾವಿನ ಸುದ್ದಿ ಬರುತ್ತಿದೆ” ಎಂದರು. ಹಾಗಾದರೆ “ಗಣಗಣಿಸಿತು” ಎನ್ನಿ ಎಂದೆವು. ಶಾಲೆ ಬಿಟ್ಟ ಹಾಗಾಗುತ್ತದೆ ಎಂದರು. “ಬಾರಿಸಿತು” ಎನ್ನೋಣವೆಂದರೆ ಅದು ಸಕರ್ಮಕ ಧಾತು. ಬಾರಿಸುವವನೊಬ್ಬ, ಬಾರಿಸಿಕೊಳ್ಳುವುದೊಂದು ಬೇಕು. ಮನೆಯ ಮಾತಿನಲ್ಲಿ ನಾವೆಲ್ಲರೂ “ಫೋನು ಹೊಡ್ಕೊಳ್ತಿದೆ”, ಬೇಸರವಾದಾಗ “ಬಡ್ಕೊಳ್ತಿದೆ” ಎನ್ನುತ್ತೇವೆ. ಆದರೆ ಆ ಮಾತನ್ನು ಆ ಪುಟದಲ್ಲಿಟ್ಟರೆ ಮಗನ ಎದೆಬಡಿತದ ಮೇಲೆ ಯಾರೋ ಹಾಸ್ಯಮಾಡಿದಂತಾಗುತ್ತದೆ. ಕೊನೆಗೆ ಸುಮ್ಮನಾದವರು ನಾವೇ. ಆ ದಿನದಿಂದ ಈ ‘ರಿಂಗಣ’ವು ನಮ್ಮ ತಲೆಯಲ್ಲಿ ಸುತ್ತುತ್ತಲೇ ಇದೆ. ಸುತ್ತುವುದೇ ಅದರ ನಿಜವಾದ ಕೆಲಸವೆಂಬುದನ್ನು ಶ್ರೋತೃಗಳು ಈಗಲೇ ಕಾಣುವರು.

ಮೊದಲು ಸಂಸ್ಕೃತದಲ್ಲಿ ಈ ಶಬ್ದಕ್ಕಿರುವ ಅರ್ಥವನ್ನು ನೋಡೋಣ. ‘ರಿಂಗ್’ ಎಂಬ ಧಾತುವಿಗೆ ಮೆಲ್ಲಗೆ ಹರಿ, ತೆವಳು, ಅಂಬೆಗಾಲಿಡು ಎಂಬರ್ಥಗಳಿವೆ. ‘ರಿಂಗಣ’ವೆಂದರೆ ಹಾಗೆ ಹರಿದಾಡುವುದು. ಭಾಗವತದ ದಶಮಸ್ಕಂಧದಲ್ಲಿ ಬಲರಾಮಕೃಷ್ಣರು ಗೋಕುಲದ ನೆಲದ ಮೇಲೆ ಮೊಣಕಾಲು ಅಂಗೈಗಳನ್ನೂರಿ ಆಡುವ ಸಂದರ್ಭವಿದೆಯಷ್ಟೆ. ಅಲ್ಲಿ ಬರುವುದು ಈ ಧಾತುವೇ. ನಾದದ ಸೋಂಕು ಶಬ್ದದಲ್ಲಿ ಎಳ್ಳಷ್ಟೂ ಇಲ್ಲ. ಆದರೆ ಒಂದು ಸೊಗಸನ್ನು ಹೇಳದೆ ಮುಂದೆ ಹೋಗಲಾರೆವು. ಅದರ ಮುಂದಿನ ಶ್ಲೋಕದಲ್ಲಿಯೇ ಆ ಮಕ್ಕಳು ವ್ರಜದ ಕೆಸರಿನಲ್ಲಿ ಕಾಲೆಳೆದುಕೊಂಡು ಹರಿಯುವಾಗ ಮೈಮೇಲಣ ಗೆಜ್ಜೆ ಕಿಂಕಿಣಿಗಳು ಇಂಪಾಗಿ ದನಿಗೈದ ವರ್ಣನೆಯಿದೆ. ಹರಿದಾಟವೂ ಕಿಣಿಕಿಣಿಯೂ ಹೀಗೆ ಅಕ್ಕಪಕ್ಕದಲ್ಲಿ ಕುಳಿತಿವೆ. ಆದರೂ ಕವಿಯು ಒಂದರ ಕೆಲಸವನ್ನು ಇನ್ನೊಂದರಿಂದ ಮಾಡಿಸಿಲ್ಲ.

ದೇಶಭಾಷೆಗಳಿಗೆ ಬಂದಾಗ ಶಬ್ದವು ತೆವಳುವುದನ್ನು ಬಿಟ್ಟು ಎದ್ದು ನಿಂತು ಸುತ್ತತೊಡಗಿತು. ಮರಾಠಿಯಲ್ಲಿ ‘ರಿಂಗಣ’ವೆಂದರೆ ವರ್ತುಲ, ದುಂಡಾದ ಬಯಲು. ಆಷಾಢ ಏಕಾದಶಿಗೆ ಪಂಢರಪುರಕ್ಕೆ ನಡೆದುಹೋಗುವ ವಾರಕರಿಗಳನ್ನು ಕೇಳಿದರೆ ಇದರ ಅರ್ಥವನ್ನು ಒಡನೆಯೇ ತಿಳಿಸುವರು. ಆಳಂದಿಯಿಂದ ಹೊರಟ ಜ್ಞಾನೇಶ್ವರರ ಪಲ್ಲಕ್ಕಿ ದಾರಿಯಲ್ಲಿ ಕೆಲವು ಗೊತ್ತಾದ ಎಡೆಗಳಲ್ಲಿ ನಿಲ್ಲುತ್ತದೆ. ತಾಳ ಮೃದಂಗ ಪತಾಕೆಗಳನ್ನು ಹಿಡಿದ ಜನರು ದೊಡ್ಡ ಬಳೆಯಾಕಾರವಾಗಿ ನಿಲ್ಲುತ್ತಾರೆ. ನಡುವೆ ಎರಡು ಕುದುರೆಗಳ ಓಟ. ಒಂದರ ಮೇಲೆ ಪತಾಕೆ ಹಿಡಿದ ಸವಾರ, ಇನ್ನೊಂದರ ಬೆನ್ನು ಬರಿದು. ಬರಿದಾದ ಬೆನ್ನಿನ ಮೇಲೆ ಜ್ಞಾನೇಶ್ವರರೇ ಕುಳಿತಿದ್ದಾರೆಂಬುದು ಭಕ್ತರ ನಂಬುಗೆ. ಆ ಗೊರಸು ಎಬ್ಬಿಸಿದ ಧೂಳನ್ನು ಹಣೆಗೊತ್ತಿಕೊಳ್ಳುತ್ತಾರೆ. ಇದಕ್ಕೆ ‘ಗೋಲ ರಿಂಗಣ’ವೆಂದು ಹೆಸರು. ಸಾಲಾಗಿ ನಿಂತ ಜನರ ನಡುವೆ ನೇರವಾಗಿ ಓಡಿದರೆ ‘ಉಭೇ ರಿಂಗಣ’. ವಾಖರಿಯಲ್ಲಿ ನಡೆಯುವ ರಿಂಗಣವು ಹೆಸರಾದುದು. ಈ ಕುದುರೆಗಳು ಬರುವುದು ನಮ್ಮ ಬೆಳಗಾವಿ ಜಿಲ್ಲೆಯ ಅಂಕಲಿಯಿಂದ. ಆದ್ದರಿಂದ ಕನ್ನಡನಾಡಿಗೆ ‘ರಿಂಗಣ’ವು ಬರಿಯ ನಿಘಂಟಿನ ನೆಂಟನಲ್ಲ; ವರ್ಷಕ್ಕೊಮ್ಮೆ ನಮ್ಮ ನೆಲದಿಂದಲೇ ಹೊರಟು ಸುತ್ತಿಬರುವ ಕಾಲುಗಳುಳ್ಳ ಶಬ್ದ.

ಕನ್ನಡದ ಹಳೆಯ ಕಾವ್ಯಗಳನ್ನು ಓದಿದವರಿಗೆ ‘ರಿಂಗಣಗುಣಿ’ ಎಂಬ ಕೂಡುಮಾತಿನ ಪರಿಚಯವಿದ್ದೇ ಇರುತ್ತದೆ. ರಿಂಗಣವಾಗಿ ಕುಣಿ, ಸುತ್ತಿ ಸುತ್ತಿ ಕುಣಿ, ಆನಂದದಿಂದಲೋ ಆವೇಶದಿಂದಲೋ ಮೈಮರೆತು ಗಿರ್ರನೆ ತಿರುಗು ಎಂದರ್ಥ. ‘ಕುಣಿ’ಯ ಕಕಾರವು ಗಕಾರವಾದುದು ಆದೇಶಸಂಧಿಯಿಂದ, ‘ಮಳೆಗಾಲ’, ‘ಬೆಟ್ಟದಾವರೆ’ಗಳನ್ನು ಬಲ್ಲ ಮಕ್ಕಳಿಗೂ ಇದು ಹೊಸದಲ್ಲ. ಇಲ್ಲಿ ಕುಣಿಯುವವರ ಕಾಲಿನಲ್ಲಿ ಗೆಜ್ಜೆಯಿದ್ದರೆ ಅದು ಸದ್ದುಮಾಡಿಯೇ ಮಾಡುತ್ತದೆ. ಆದರೆ ಆ ಸದ್ದು ಗೆಜ್ಜೆಯದು, ರಿಂಗಣದ್ದಲ್ಲ.

ಹೀಗಿರಲಾಗಿ ಇದು ದೂರವಾಣಿಯ ಸದ್ದಿಗೆ ಹೆಸರಾದ ಬಗೆ ಹೇಗೆ?

ಅಲೆಕ್ಸಾಂಡರ್ ಗ್ರಹಾಂ ಬೆಲ್ಲನು 1876ರಲ್ಲಿ ತನ್ನ ಯಂತ್ರಕ್ಕೆ ಹಕ್ಕುಪತ್ರವನ್ನು ಪಡೆದಾಗ ಅದರಲ್ಲಿ ಗಂಟೆಯೇ ಇರಲಿಲ್ಲ. ಬೆಲ್ಲನೆಂಬ ಹೆಸರಿನವನು ಗಂಟೆಯನ್ನು ಮರೆತನೆಂಬುದು ಒಂದು ವಿನೋದ. ಆಚೆಯವನನ್ನು ಕರೆಯುವ ಉಪಾಯವೇನೆಂಬ ಪ್ರಶ್ನೆಗೆ ಉತ್ತರ ಹುಡುಕಿದವನು ಅವನ ಸಹಾಯಕನಾದ ಥಾಮಸ್ ವಾಟ್ಸನ್ನನು. ಎರಡು ಲೋಹದ ಬಟ್ಟಲುಗಳು. ನಡುವೆ ಒಂದು ಪುಟ್ಟ ಸುತ್ತಿಗೆ. ಮುಂದಕ್ಕೂ ಹಿಂದಕ್ಕೂ ಹರಿಯುವ ವಿದ್ಯುತ್ತು ಆ ಸುತ್ತಿಗೆಯನ್ನು ಒಮ್ಮೆ ಈ ಬಟ್ಟಲಿಗೆ, ಒಮ್ಮೆ ಆ ಬಟ್ಟಲಿಗೆ ಬಡಿಸುತ್ತದೆ. ಸೆಕೆಂಡಿಗೆ ಇಪ್ಪತ್ತು ಇಪ್ಪತ್ತೈದು ಸಲ ವಿದ್ಯುತ್ತು ಹೀಗೆ ದಿಕ್ಕು ಬದಲಿಸಿ ಬರುವುದರಿಂದ ಒಂದು ಪೆಟ್ಟಿನ ನಾದ ಅಡಗುವ ಮುನ್ನವೇ ಮತ್ತೊಂದು ಪೆಟ್ಟು ಬೀಳುತ್ತದೆ. ಆದ್ದರಿಂದಲೇ ಅದು ದೇವಸ್ಥಾನದ ಗಂಟೆಯಂತೆ ‘ಢಣ್’ ಎಂದು ತುಂಬಿ ಬಾರದೆ ‘ಟ್ರಿಣ್’ ಎಂದು ನಡುಗಿ ಬರುತ್ತದೆ. 1882ರ ಜನವರಿಯಲ್ಲಿ ಕಲ್ಕತ್ತೆ, ಮುಂಬಯಿ, ಮದರಾಸುಗಳಲ್ಲಿ ದೂರವಾಣಿ ವಿನಿಮಯ ಕೇಂದ್ರಗಳು ತೆರೆದುವು. ಯಂತ್ರದೊಡನೆ ಅದರ ಶಬ್ದಸಂಸಾರವೆಲ್ಲ ಇಂಗ್ಲಿಷಿನಲ್ಲಿಯೇ ನಮ್ಮಲ್ಲಿಗೆ ಬಂತು. ‘ರಿಂಗ್ ಮಾಡು’, ‘ರಿಂಗ್ ಆಗುತ್ತಿದೆ’ ಎಂಬುವು ಪಟ್ಟಣದ ಮನೆಗಳಲ್ಲಿ ದಿನದ ಮಾತಾದುವು.

ಮಾತಿನಲ್ಲಿ ಇದು ಸಾಕಾಯಿತು, ಬರೆಹದಲ್ಲಿ ಸಾಲದಾಯಿತು. ಪತ್ರಿಕೆಯವರೂ ಕತೆಗಾರರೂ ಭಾಷಾಂತರಕಾರರೂ ಕನ್ನಡದಂತೆ ಕಾಣುವ ಒಂದು ಕ್ರಿಯಾಪದಕ್ಕಾಗಿ ಸುತ್ತ ನೋಡಿದರು. ಕೈಗೆ ಸಿಕ್ಕಿದುದು ‘ರಿಂಗಣ’. ಅದರ ಮೊದಲರ್ಧದಲ್ಲಿ ಇಂಗ್ಲಿಷಿನ ‘ರಿಂಗ್’ ಇಡಿಯಾಗಿ ಕುಳಿತಿದೆ. ಉಳಿದರ್ಧವು ನಮ್ಮ ‘ಗಣಗಣ’ವನ್ನು ನೆನಪಿಗೆ ತರುತ್ತದೆ. ರಣ, ಕ್ವಣ, ಝಣ, ಕಿಣ ಎಂದು ಣಕಾರದಲ್ಲಿ ಮುಗಿಯುವ ನಾದಶಬ್ದಗಳ ದೊಡ್ಡ ಬಳಗವೇ ನಮ್ಮ ಕಿವಿಯಲ್ಲಿದೆಯಾಗಿ, ಈ ಹೊಸಬನು ಬಾಗಿಲಲ್ಲಿ ನಿಂತಾಗ ಯಾರೂ ಅವನ ಗೋತ್ರವನ್ನು ಕೇಳಲಿಲ್ಲ. ಅದಕ್ಕೆ ‘ಇಸು’ ಪ್ರತ್ಯಯವನ್ನು ಹಚ್ಚಿದೊಡನೆ ‘ರಿಂಗಣಿಸು’ ಸಿದ್ಧವಾಯಿತು. ಬೇರೆ ಇಂಗ್ಲಿಷು ಮಾತುಗಳಿಗೆ ಈ ಸೌಭಾಗ್ಯವಿಲ್ಲ. ‘ಫೋನಿಸು’ ಎಂದರೆ ಕಿವಿ ಒಪ್ಪದು. ‘ಫೋನಾಯಿಸು’ ಎಂದು ‘ಚಲಾಯಿಸು’, ‘ಉಡಾಯಿಸು’ಗಳ ಸಾಲಿನಲ್ಲಿ ನಿಲ್ಲಿಸಿದರೆ ನಗೆ ಬರುತ್ತದೆ. ‘ರಿಂಗಣಿಸು’ ಮಾತ್ರ ಪಂಚೆ ಉಟ್ಟು ಶಾಲು ಹೊದ್ದು ಬಂದುದರಿಂದ ಪಂಕ್ತಿಯಲ್ಲಿ ಕುಳಿತುಬಿಟ್ಟಿತು.

ಇದಕ್ಕಿಂತ ವಿಚಿತ್ರವಾದುದು ಇನ್ನೊಂದಿದೆ. ಇಂಗ್ಲಿಷಿನಲ್ಲಿಯೂ ‘ರಿಂಗ್’ ಒಂದು ಶಬ್ದವಲ್ಲ, ಎರಡು. ಉಂಗುರ, ಬಳೆ, ವರ್ತುಲವೆಂಬ ‘ರಿಂಗ್’ ಬೇರೆ. ಗಂಟೆಯಂತೆ ಸದ್ದುಮಾಡು ಎಂಬ ‘ರಿಂಗ್’ ಬೇರೆ. ಹಳೆಯ ಇಂಗ್ಲಿಷಿನಲ್ಲಿ ಮೊದಲನೆಯದು ‘ಹ್ರಿಂಗ್’ ಎಂಬ ನಾಮಪದ, ಎರಡನೆಯದು ‘ಹ್ರಿಂಗನ್’ ಎಂಬ ಕ್ರಿಯಾಪದ. ಎರಡನೆಯದು ನಾದಾನುಕರಣದಿಂದ ಹುಟ್ಟಿತೆಂದು ಬಲ್ಲವರ ಮತ. ಕಾಲಕ್ರಮದಲ್ಲಿ ಎರಡರ ರೂಪವೂ ಒಂದಾಯಿತು. ಭೂತಕಾಲದಲ್ಲಿ ಮಾತ್ರ ಇಂದಿಗೂ ಬೇರೆ ಬೇರೆ ದಾರಿ. ಸುತ್ತುವರಿದದ್ದು ‘ರಿಂಗ್ಡ್’, ಸದ್ದುಮಾಡಿದ್ದು ‘ರ‍್ಯಾಂಗ್’. ವರ್ತುಲದ ಶಬ್ದವೂ ನಾದದ ಶಬ್ದವೂ ಅಲ್ಲಿ ಆಕಸ್ಮಿಕವಾಗಿ ಒಂದೇ ಉಡುಪನ್ನು ತೊಟ್ಟಂತೆ, ಇಲ್ಲಿ ವರ್ತುಲದ ಶಬ್ದವೊಂದು ನಾದದ ಉಡುಪನ್ನು ತೊಟ್ಟಿತು. ಅಲ್ಲಿ ಅದು ಕಾಲದ ಕೆಲಸ. ಇಲ್ಲಿ ನಮ್ಮ ಅವಸರದ ಕೆಲಸ.

ನಮ್ಮಲ್ಲಿ ಶಬ್ದಗಳ ಬಡತನವಿತ್ತೆ? ನಾದದ ವಿಷಯದಲ್ಲಿ ಕನ್ನಡವನ್ನು ಬಡವೆಯೆಂದರೆ ಕಿವಿಯಿರುವ ಯಾರೂ ಒಪ್ಪರು. ವೈಯಾಕರಣರು ಅನುಕರಣಾವ್ಯಯಗಳೆಂದು ಕರೆಯುವ ಈ ಬಳಗದಲ್ಲಿ ಒಂದೊಂದು ವಸ್ತುವಿಗೂ ಒಂದೊಂದು ದನಿಯುಂಟು. ಗೆಜ್ಜೆ ಘಲ್ ಘಲ್ ಎನ್ನುತ್ತದೆ, ಬಳೆ ಕಿಣಿಕಿಣಿ, ರೂಪಾಯಿಗಳ ಚೀಲ ಝಣಝಣ, ಶಾಲೆಯ ಗಂಟೆ ಗಣಗಣ, ದೇವಸ್ಥಾನದ ದೊಡ್ಡ ಗಂಟೆ ಢಣ್, ತಂಬೂರಿ ಝೇಂ. ಎತ್ತಿನ ಕೊರಳಿನ ಹಿತ್ತಾಳೆಯ ಗಂಟೆ ಗಲಗಲವೆಂದರೆ, ಮಲೆನಾಡಿನ ದನದ ಕೊರಳಿನ ಮರದ ಗಂಟೆ ಲೊಟಲೊಟವೆನ್ನುತ್ತದೆ. ಕಾಡಿನಲ್ಲಿ ತಪ್ಪಿಹೋದ ಹಸುವನ್ನು ಆ ಲೊಟಲೊಟದಿಂದಲೇ ಗುರುತಿಸಿ ತರುವವರಿಗೆ ಇದು ಅಲಂಕಾರವಲ್ಲ, ಆಸ್ತಿಯ ಪ್ರಶ್ನೆ. ಇವುಗಳಿಂದ ಕ್ರಿಯಾಪದಗಳನ್ನು ಮಾಡಿಕೊಳ್ಳುವ ದಾರಿಗಳೂ ಹಲವು. ‘ಎನ್ನು’ವನ್ನು ಸೇರಿಸಬಹುದು, ‘ಠಣ್ಣನೆ’, ‘ಝಲ್ಲನೆ’ ಎಂದು ವಿಶೇಷಣವಾಗಿ ತಿರುಗಿಸಬಹುದು, ‘ಇಸು’ ಹಚ್ಚಿ ‘ಝಣಝಣಿಸು’ ಎನ್ನಬಹುದು, ‘ಗುಟ್ಟು’ ಹಚ್ಚಿ ‘ಗುಂಯ್‌ಗುಟ್ಟು’ ಎನ್ನಬಹುದು. ಈ ಕಡೆಯದಂತೂ ಕಿವಿಯ ಒಳಗೆ ನಿಂತ ನಾದಕ್ಕೆ ಕನ್ನಡವೊಂದೇ ಕೊಡಬಲ್ಲ ಮಾತು.

ಸಂಸ್ಕೃತದವರೂ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಅಮರಸಿಂಹನು ಬಟ್ಟೆ ಎಲೆಗಳ ಸದ್ದಿಗೆ ಮರ್ಮರವೆಂದೂ, ಆಭರಣಗಳ ಸದ್ದಿಗೆ ಶಿಂಜಿತವೆಂದೂ, ವೀಣೆಯ ಸದ್ದಿಗೆ ಕ್ವಣ, ಕ್ವಾಣ ಮೊದಲಾಗಿಯೂ ಹೆಸರುಗಳನ್ನು ಹಂಚಿಕೊಟ್ಟಿದ್ದಾನೆ. ‘ಶಿಂಜಿನಿ’ಯೆಂದರೆ ಬಿಲ್ಲಿನ ಹೆದೆಯೂ ಹೌದು, ಕಾಲಂದುಗೆಯೂ ಹೌದು, ರಣರಂಗಕ್ಕೂ ರಂಗಮಂಟಪಕ್ಕೂ ಒಂದೇ ಶಬ್ದ. ‘ಟಂಕಾರ’ವು ಬಿಲ್ಲಿನದು, ‘ಟಂಕಸಾಲೆ’ ನಾಣ್ಯದ್ದು. ಎರಡಕ್ಕೂ ನಂಟು ಕಟ್ಟುವ ಆಸೆ ನಮಗೂ ಆಗುತ್ತದೆ. ಶಬ್ದವಿಚಾರದಲ್ಲಿ ಕೆಡಿಸುವುದು ಇಂತಹ ಆಸೆಗಳೇ, ಆದ್ದರಿಂದ ಕೈಬಿಟ್ಟಿದ್ದೇವೆ. ಇಂಗ್ಲಿಷಿನವರಿಗೆ ಗಂಟೆಗಳ ಕಿಣಿಕಿಣಿಗೆ ಒಂದು ಘನವಾದ ಮಾತು ಬೇಕಾದಾಗ ಅಮೆರಿಕದ ಕವಿ ಪೋ ಎಂಬವನು ಲ್ಯಾಟಿನ್ ಭಾಷೆಯ ಗಂಟೆಯ ಹೆಸರಿನಿಂದ ‘ಟಿಂಟಿನ್ಯಾಬ್ಯುಲೇಷನ್’ ಎಂಬುದನ್ನು ತನ್ನ ಗಂಟೆಗಳ ಕವಿತೆಯಲ್ಲಿ ಬಳಸಿದನು. ಅವನು ತೀರಿಕೊಂಡ ವರ್ಷವಾದ 1849ರಲ್ಲಿಯೇ, ಅವನ ಮರಣಾನಂತರ, ಆ ಕವಿತೆ ಅಚ್ಚಾಯಿತು. ನಮಗೆ ಅಷ್ಟು ದೂರ ಹೋಗುವ ಅಗತ್ಯವಿರಲಿಲ್ಲ.

ಈ ಶಬ್ದಗಳು ಬರಿಯ ಕಿವಿಯ ವಿಲಾಸಗಳಲ್ಲವೆಂಬುದನ್ನು ನೋಡಬೇಕಾದರೆ ಹಿಂದಿನ ಕಾಲದ ಚಿನಿವಾರನ ಅಂಗಡಿಗೆ ಹೋಗಬೇಕು. ಬೆಳ್ಳಿಯ ರೂಪಾಯಿಯ ತೂಕ ಒಂದು ತೊಲ, ಎಂದರೆ 180 ಗ್ರೇನು. ಅದರ ಹನ್ನೆರಡು ಭಾಗದಲ್ಲಿ ಹನ್ನೊಂದು ಭಾಗ ಬೆಳ್ಳಿ. ಚಿನಿವಾರನು ಅದನ್ನು ಹೆಬ್ಬೆರಳಿನ ಉಗುರಿನಿಂದ ಮೇಲಕ್ಕೆ ಚಿಮ್ಮಿ ಕಲ್ಲಿನ ಮೇಲೆ ಬೀಳಗೊಡುವನು. ‘ಠಣ್’ ಎಂದು ನಾದ ನೀಳವಾಗಿ ಬಂದರೆ ನಾಣ್ಯ ಗಲ್ಲಾಪೆಟ್ಟಿಗೆಗೆ; ‘ಬದ್’ ಎಂದರೆ ಸೀಸ ಬೆರೆತ ಖೋಟಾ ನಾಣ್ಯವೆಂದು ತಂದವನ ಕೈಗೆ. ಹಳ್ಳಿಯಿಂದ ಧಾನ್ಯ ಮಾರಿ ಬಂದವನ ಆರು ತಿಂಗಳ ದುಡಿಮೆ ಆ ಒಂದು ಸದ್ದಿನಲ್ಲಿ ನಿಂತಿತ್ತು. 1940ರಲ್ಲಿ ಯುದ್ಧದ ಒತ್ತಡದಿಂದ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು; 1947ರ ರೂಪಾಯಿ ನಿಕ್ಕಲಿನದಾಯಿತು. ಈಗ ಹಣ ಕಾಗದವೂ ಅಂಕೆಯೂ ಆಗಿದೆ. ‘ಝಣಝಣ’ವು ಇಂದಿಗೂ ಹಣದ ವರ್ಣನೆಯಲ್ಲಿ ಬರುತ್ತಿದ್ದರೂ ಅದನ್ನು ಬರೆಯುವವರಲ್ಲಿ ಎಷ್ಟು ಮಂದಿ ಬೆಳ್ಳಿಯ ರೂಪಾಯಿಯ ದನಿಯನ್ನು ಕೇಳಿದ್ದಾರು?

ಮಡಕೆ ಕೊಳ್ಳುವ ಹೆಂಗಸರು ಬೆರಳ ಗೆಣ್ಣಿನಿಂದ ತಟ್ಟಿ ನೋಡುವುದೂ ಇದೇ ಪರೀಕ್ಷೆ. ಬಿರುಕಿನ ಎರಡು ಅಂಚುಗಳೂ ಒಂದನ್ನೊಂದು ಉಜ್ಜಿ ಕಂಪನವನ್ನು ಅಲ್ಲಿಯೇ ನುಂಗಿಬಿಡುವುದರಿಂದ ನಾದ ಹೊರಡುವುದಿಲ್ಲ. ‘ಒಡಕು ದನಿ’ಯೆಂಬ ನುಡಿಗಟ್ಟು ಇಲ್ಲಿಂದ ಬಂದುದು. ಇದಕ್ಕೆ ಎದುರಾದುದು ‘ಕಂಚಿನ ಕಂಠ’. ತಾಮ್ರಕ್ಕೆ ಸುಮಾರು ಐದರಲ್ಲೊಂದು ಪಾಲು ತವರ ಬೆರಸಿದ ಕಂಚು ಗಡುಸಾಗಿರುತ್ತದೆ, ಪೆಟ್ಟಿಗೆ ಬೇಗ ಒಡೆಯಲೂ ಬಹುದು. ಆದರೆ ಕಂಪನವನ್ನು ಅದರಷ್ಟು ಹೊತ್ತು ಹಿಡಿದಿಡುವ ಲೋಹಗಳು ಕೆಲವೇ. ಗಮಕಿಗಳ ಕಂಠವನ್ನು ಕಂಚೆಂದು ಕರೆದವರು ಲೋಹದ ಗುಣವನ್ನು ಬಲ್ಲವರೇ ಆಗಿದ್ದರು.

ಈಗ ‘ರಿಂಗಣಿಸು’ವಿನ ಪರವಾಗಿ ಹೇಳಬಹುದಾದ ಮಾತನ್ನೂ ಹೇಳಬೇಕು. ನಮ್ಮ ಮಿತ್ರರೇ ಅದನ್ನು ಹೇಳಿದರು. ಅದಕ್ಕೆ ಉತ್ತರಿಸುವುದು ಸುಲಭವಾಗಲಿಲ್ಲ. 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ತಮ್ಮ ಮನೆಯಲ್ಲಿಯೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಆ ನಿಲಯಕ್ಕೆ ‘ಆಕಾಶವಾಣಿ’ಯೆಂದು ಹೆಸರಾಯಿತು. ಪುರಾಣಗಳಲ್ಲಿ ಆಕಾಶವಾಣಿಯೆಂದರೆ ಅಶರೀರವಾಣಿ. ಕಂಸನ ಕಿವಿಗೆ ಬಿದ್ದಂತಹದು. ಅದನ್ನು ತಂದು ಯಂತ್ರಕ್ಕೆ ಹಚ್ಚಿದಾಗ ಯಾರೂ ಆಕ್ಷೇಪಿಸಲಿಲ್ಲ. 1950ರ ದಶಕದಲ್ಲಿ ಭಾರತದ ಪ್ರಸಾರಸಂಸ್ಥೆಯೇ ಆ ಹೆಸರನ್ನು ತನ್ನದಾಗಿಸಿಕೊಂಡಿತು. “ಹಳೆಯ ಶಬ್ದಕ್ಕೆ ಹೊಸ ಕೆಲಸ ಕೊಡುವುದು ಅಲ್ಲಿ ಗುಣವಾದರೆ ಇಲ್ಲಿ ದೋಷ ಹೇಗಾಯಿತು?” ಎಂದು ಮಿತ್ರರು ಕೇಳಿದರು.

ನಮಗೆ ತೋರುವ ಭೇದವಿಷ್ಟು. ‘ಆಕಾಶವಾಣಿ’ಯಲ್ಲಿ ಅರ್ಥವು ಮುಂದೆ ನಡೆಯಿತು, ಶಬ್ದವು ಹಿಂಬಾಲಿಸಿತು. ಮಾತನಾಡುವವನು ಕಾಣಿಸದೆ ಮಾತು ಮಾತ್ರ ಬಾನಿನಿಂದ ಬರುವುದು ಪುರಾಣಕ್ಕೂ ಯಂತ್ರಕ್ಕೂ ಸಮಾನ. ‘ರಿಂಗಣಿಸು’ವಿನಲ್ಲಿ ಅರ್ಥವು ಮನೆಯಲ್ಲಿಯೇ ಉಳಿಯಿತು, ಉಚ್ಚಾರಣೆಯೊಂದೇ ಹೊರಟುಹೋಯಿತು. ಸುತ್ತುವುದಕ್ಕೂ ದೂರವಾಣಿಯ ಗಂಟೆಗೂ ಯಾವ ಸಾಮ್ಯವೂ ಇಲ್ಲ. ಕೆಲವರು ಕುಣಿತದ ಗೆಜ್ಜೆಯ ಮೂಲಕ ರಿಂಗಣಕ್ಕೆ ನಾದಾರ್ಥ ಬಂತೆಂದು ಸಮರ್ಥಿಸುವುದನ್ನು ಕೇಳಿದ್ದೇವೆ. ಅದು ಶಬ್ದವು ಬಳಕೆಗೆ ಬಂದ ಮೇಲೆ ಬರೆದ ಜಾತಕವೆಂದೇ ನಮ್ಮ ಅಭಿಪ್ರಾಯ.

ಇದರಿಂದ ನಷ್ಟವೇನೆಂದು ಕೇಳಬಹುದು. ಕೆಲವು ವರ್ಷಗಳ ಹಿಂದೆ ನಾವು ನೋಡಿದ ಉತ್ತರಪತ್ರಿಕೆಯೊಂದರಲ್ಲಿ ‘ರಿಂಗಣಗುಣಿದರು’ ಎಂಬುದಕ್ಕೆ “ಗಂಟೆ ಬಾರಿಸುತ್ತ ಕುಣಿದರು” ಎಂದು ಒಬ್ಬ ವಿದ್ಯಾರ್ಥಿ ಅರ್ಥ ಬರೆದಿದ್ದನು. ಆ ಹುಡುಗ ದಡ್ಡನಲ್ಲ. ಉಳಿದ ಉತ್ತರಗಳೆಲ್ಲ ಚೆನ್ನಾಗಿದ್ದುವು. ತನಗೆ ಗೊತ್ತಿದ್ದ ಕನ್ನಡದಿಂದ ತನಗೆ ಗೊತ್ತಿಲ್ಲದ ಕನ್ನಡವನ್ನು ಅರ್ಥಮಾಡಿಕೊಳ್ಳಲು ಅವನು ಹೊರಟಿದ್ದನು. ಒಳ್ಳೆಯ ಓದುಗನು ಮಾಡಬೇಕಾದುದೂ ಅದನ್ನೇ. ಅವನಿಗೂ ಹಳೆಯ ಕವಿಗೂ ನಡುವೆ ಇದ್ದ ಸೇತುವೆಯ ಹಲಗೆಯೊಂದನ್ನು ನಾವೆಲ್ಲ ಸೇರಿ ಕಿತ್ತು ಬೇರೆ ಕಡೆ ಜೋಡಿಸಿದ್ದೆವು. ಅಂಕ ಕಳೆಯುವಾಗ ನಮ್ಮ ಕೈ ಸ್ವಲ್ಪ ತಡೆಯಿತು.

ಎರಡನೆಯ ನಷ್ಟವು ಇನ್ನೂ ಸೂಕ್ಷ್ಮವಾದುದು. ಈಗ “ಆ ಮಾತು ಕಿವಿಯಲ್ಲಿ ರಿಂಗಣಿಸುತ್ತಿದೆ”, “ಹಾಡು ಮನದಲ್ಲಿ ರಿಂಗಣಿಸಿತು” ಎಂದೂ ಬರೆಯುತ್ತಾರೆ. ಹಾಡು ತಲೆಯಲ್ಲಿ ಮತ್ತೆ ಮತ್ತೆ ಸುತ್ತುವುದರಿಂದ ಇಲ್ಲಿ ಹಳೆಯ ಅರ್ಥವೂ ಒಂದು ಕಾಲಿಟ್ಟಿದೆಯೆಂದು ಒಪ್ಪೋಣ. ಆದರೆ ಬರೆದವರು ಹೇಳಬೇಕೆಂದಿದ್ದುದು ಬಹುಮಟ್ಟಿಗೆ ಸುತ್ತುವುದನ್ನಲ್ಲ. ಸದ್ದು ಮುಗಿದ ಮೇಲೂ ಉಳಿಯುವ ಸದ್ದನ್ನು. ಅದಕ್ಕೆ ನಮ್ಮಲ್ಲಿ ‘ಅನುರಣನ’ವೆಂಬ ಶಬ್ದವಿದೆ, ಭಾರತೀಯರು ಕಾವ್ಯವನ್ನು ಕುರಿತು ಯೋಚಿಸಿದ ಬಗೆಯನ್ನೇ ಹೊತ್ತ ಶಬ್ದ ಅದು.

ದೊಡ್ಡ ಗಂಟೆಯ ಕೆಳಗೆ ನಿಂತು ಗಮನವಿಟ್ಟು ಕೇಳಿದವರಿಗೆ ಇದು ಅನುಭವದ ವಿಷಯ. ನಾಲಗೆ ತಗಲಿದೊಡನೆ ಕೇಳಿಸುವುದು ಹಲವು ಸ್ವರಗಳ ಒಂದು ಗದ್ದಲ. ಮೇಲಿನ ಸ್ವರಗಳು ಬೇಗಬೇಗನೆ ಕಳಚಿಕೊಳ್ಳುತ್ತವೆ. ಕೆಳಗಿನ ಒಂದು ಗಂಭೀರವಾದ ದನಿ ಉಳಿದು, ಯಾವಾಗ ನಿಂತಿತೆಂದು ಹೇಳಲಾಗದಂತೆ ಮೌನದಲ್ಲಿ ಸೇರಿಹೋಗುತ್ತದೆ. ಪೆಟ್ಟಿನಿಂದ ಹುಟ್ಟಿದರೂ ಅದು ಪೆಟ್ಟಿನ ಸದ್ದಲ್ಲ. ಕಾಶ್ಮೀರದಲ್ಲಿ ಅವಂತಿವರ್ಮನ ಆಳಿಕೆಯಲ್ಲಿ, ಒಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಆನಂದವರ್ಧನನು ‘ಧ್ವನ್ಯಾಲೋಕ’ವನ್ನು ಬರೆದಾಗ ಕಾವ್ಯದ ವ್ಯಂಗ್ಯಾರ್ಥದ ಒಂದು ಬಗೆಯನ್ನು ಈ ಅನುರಣನಕ್ಕೆ ಹೋಲಿಸಿದನು. ಮೊದಲು ವಾಚ್ಯಾರ್ಥವು ಗಂಟೆಯ ಪೆಟ್ಟಿನಂತೆ ಬರುತ್ತದೆ. ಅನಂತರ, ಬಂದ ಕ್ರಮವು ನಮಗೆ ಗೊತ್ತಾಗುವಂತೆಯೇ, ಇನ್ನೊಂದು ಅರ್ಥವು ಅದರ ಹಿಂದೆ ಹರಡಿಕೊಳ್ಳುತ್ತದೆ. ರಸದ ವಿಷಯದಲ್ಲಾದರೋ ಈ ಕ್ರಮವು ತಿಳಿಯುವುದೇ ಇಲ್ಲ. ಪೆಟ್ಟೂ ಮೊರೆತವೂ ಒಟ್ಟಿಗೇ ಎದೆಗೆ ತಾಕುತ್ತವೆ. ಒಂದು ಶತಮಾನಕ್ಕೂ ಮೇಲೆ ಕಳೆದ ಬಳಿಕ ಅಭಿನವಗುಪ್ತನು ‘ಲೋಚನ’ದಲ್ಲಿ ಧ್ವನಿಯೆಂಬ ಹೆಸರನ್ನು ವಿವರಿಸುವಾಗ ಗಂಟೆಯನ್ನೇ ಬಾಯಿಬಿಟ್ಟು ಹೇಳಿದ್ದಾನೆ. ಹೆಚ್ಚುಕಡಿಮೆ ಆನಂದವರ್ಧನನ ಕಾಲದಲ್ಲಿಯೇ ನಮ್ಮ ‘ಕವಿರಾಜಮಾರ್ಗ’ವೂ ಧ್ವನಿಯನ್ನು ಅಲಂಕಾರಗಳಲ್ಲೊಂದಾಗಿ ಎಣಿಸಿದೆಯೆಂಬುದು ಕನ್ನಡಿಗರು ಮರೆಯಬಾರದ ಸಂಗತಿ. ಇಷ್ಟು ನೆನಪುಗಳನ್ನು ಹೊತ್ತ ಶಬ್ದವು ಮನೆಯಲ್ಲಿರುವಾಗ, ತೀರಿಹೋದ ತಾಯಿಯ ಮಾತು ಮಗನ ಮನಸ್ಸಿನಲ್ಲಿ ದೂರವಾಣಿಯಂತೆ ರಿಂಗಣಿಸುವುದು ನಮಗೆ ಸಹ್ಯವಾಗಿ ಕಾಣುವುದಿಲ್ಲ.

ಹಾಗೆಂದು ಬಳಕೆಗೆ ಬಂದ ಶಬ್ದವನ್ನು ಗಡೀಪಾರು ಮಾಡುವ ಅಧಿಕಾರ ಯಾವ ಪಂಡಿತನಿಗೂ ಇಲ್ಲ. ದೂರವಾಣಿಗೆ ‘ರಿಂಗಣಿಸು’ ನಿಂತುಹೋಗಿದೆ, ಅಲ್ಲಿ ಇರಲಿ. ಅದು ಅಲ್ಲಿಂದ ಕದಲಿ ಗೆಜ್ಜೆಗೆ, ದೇವಸ್ಥಾನದ ಗಂಟೆಗೆ, ನೆನಪಿಗೆ ಹರಡದಿರಲೆಂಬುದಷ್ಟೇ ನಮ್ಮ ಆಸೆ. ಗೆಜ್ಜೆ ಉಲಿಯಲಿ, ವೀಣೆ ನುಡಿಯಲಿ, ತಂತಿ ಮಿಡಿಯಲಿ, ಜಾಗಟೆ ಮೊಳಗಲಿ, ನೆನಪು ಅನುರಣಿಸಲಿ. ವಿನೋದವೆಂದರೆ, ನಾವು ಹೀಗೆ ಪಂಚಾಯಿತಿ ಮಾಡುತ್ತಿರುವಾಗ ದೂರವಾಣಿಯೇ ಗಂಟೆಯನ್ನು ಬಿಟ್ಟುಬಿಟ್ಟಿದೆ. ಜೇಬಿನೊಳಗಣ ಯಂತ್ರದಲ್ಲಿ ಬಟ್ಟಲೂ ಇಲ್ಲ, ಸುತ್ತಿಗೆಯೂ ಇಲ್ಲ. ಒಬ್ಬರದು ಸುಪ್ರಭಾತ ಹಾಡುತ್ತದೆ, ಇನ್ನೊಬ್ಬರದು ಕೋಳಿಯಂತೆ ಕೂಗುತ್ತದೆ. ಸಭೆಯಲ್ಲಿ ಕುಳಿತವರದು ಸದ್ದಿಲ್ಲದೆ ಮೇಜಿನ ಮೇಲೆ ಗಡಗಡ ನಡುಗುತ್ತ ಒಂದಂಗುಲ ತೆವಳುತ್ತದೆ. ತೆವಳುವುದು ಸಂಸ್ಕೃತದ ರಿಂಗಣವೇ ಅಲ್ಲವೆ?

ಮಿತ್ರರ ಕತೆಯ ಸಂಗತಿಯನ್ನು ಹೇಳಲಿಲ್ಲ. ಅದು ಅಚ್ಚಾಗಿ ಬಂದಿತು. ಆ ವಾಕ್ಯವನ್ನು ಹುಡುಕಿ ನೋಡಿದೆವು. ನಮ್ಮ ‘ಮೊಳಗಿತು’ ಅಲ್ಲಿರಲಿಲ್ಲ. ಅವರ ‘ರಿಂಗಣಿಸಿತು’ವೂ ಇರಲಿಲ್ಲ. “ಎರಡನೆಯ ಜಾವದಲ್ಲಿ ದೂರವಾಣಿ ಕರೆಯಿತು” ಎಂದು ಅಚ್ಚಾಗಿತ್ತು. ಅದರ ಮುಂದಿನ ಸಾಲಿನಲ್ಲಿ ಮಗನು ಎದ್ದು ಕುಳಿತು, ಅದು ನಿಲ್ಲುವವರೆಗೂ ಕೈ ಚಾಚದೆ ಸುಮ್ಮನೆ ನೋಡುತ್ತಿದ್ದನು.